ಆಮೇಲೆ ನೆನಪಿಸು

ಮೂವತ್ತೊಂದು ವರ್ಷ ವಾಲ್ಪರಾಯಿಸೊದ ಗುಡ್ಡಕ್ಕೆ
ಜನರನ್ನು ಹತ್ತಿಸಿ ಇಳಿಸಿದವನು ನಾನು.
ಒಂದು ಸನ್ನೆಕೋಲು, ಒಂದು ಗಂಟೆ, ಹಳಿಯ ಮೇಲೆ ಎರಡು ಪೆಟ್ಟಿಗೆ;
ಒಂದು ಏರಿದರೆ ಇನ್ನೊಂದು ಇಳಿಯಬೇಕು, ಅಷ್ಟೇ ಶಾಸ್ತ್ರ.
ಉಕ್ಕಿನ ಹಗ್ಗ ಮುನಿದರೆ ಮೊದಲು ಅಂಗೈಗೆ ಗೊತ್ತಾಗುತ್ತಿತ್ತು,
ಕಿವಿಗೆ ಆಮೇಲೆ,
ಮೇಲಧಿಕಾರಿಗೆ ಎಲ್ಲ ಮುಗಿದ ಮೇಲೆ.

ಈಗ ಅದೇ ಅಂಗೈಯಲ್ಲಿ ಗಾಜಿನ ಹಲಗೆ.
ಒತ್ತಿದರೂ ಒತ್ತಿದ ಹಾಗಿಲ್ಲ.
ನಡುಗುತ್ತದೆ, ನಿಜ, ಅದು ನಾಟಕದ ನಡುಕ.

ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ.
ಕೇಳಿದ್ದರೆ ಇಷ್ಟು ಹೇಳುತ್ತಿರಲಿಲ್ಲ.

ಈ ಮನೆಯಲ್ಲಿ ಪ್ರಿಂಟರಿನಷ್ಟು ಮಡಿವಂತರು ಇನ್ನಾರೂ ಇಲ್ಲ.
ಬೇರೆ ಅಂಗಡಿಯ ಶಾಯಿ ಸೋಕಿದರೆ ಮೈಲಿಗೆ.
ಕಪ್ಪು ಅಕ್ಷರದ ಒಂದು ಪತ್ರ ಬೇಕೆಂದರೆ
ಹಳದಿ ಮುಗಿದಿದೆ ಎಂದು ಮುಷ್ಕರ ಕೂರುತ್ತದೆ.
ನಾನೂ ಮುಷ್ಕರ ಕೂತವನೇ;
ನಮಗೊಂದು ಕಾರಣವಾದರೂ ಇತ್ತು.

ಹೊಸ ಟಿವಿ ಬಂದ ದಿನವೇ ಹೆಸರು ಕೇಳಿತು, ಹುಟ್ಟಿದ ದಿನ ಕೇಳಿತು.
ಹಳೆಯದು ನಾನು ಯಾರೆಂದೇ ತಿಳಿಯದೆ
ಇಪ್ಪತ್ತು ವರ್ಷ ಫುಟ್ಬಾಲ್ ತೋರಿಸಿತ್ತು ಪಾಪ.
ಇದಕ್ಕೆ ತಂಗಿಯ ಗಂಡ ಒಸ್ವಾಲ್ದೊನ ಹೆಸರು ಕೊಟ್ಟೆ.
ಪ್ರತಿ ಏಪ್ರಿಲ್‌ನಲ್ಲಿ ಅವನಿಗೆ ಶುಭ ಕೋರುತ್ತದೆ.
ನಮ್ಮ ಮನೆತನದಲ್ಲಿ ಅವನಿಗೆ ಶುಭ ಕೋರುವುದು ಅದೊಂದೇ.

ಪಾಸ್‌ವರ್ಡುಗಳು ಅಡುಗೆಮನೆಯಲ್ಲಿ,
'ಜೀರಿಗೆ' ಎಂದು ಬರೆದ ಡಬ್ಬದ ತಳದಲ್ಲಿವೆ.
(ಇದನ್ನು ಹೇಳಬಾರದಿತ್ತು.)

ಪಕ್ಕದ ಮನೆಯ ರಾಯೆನ್, ಬಂದರಿನಲ್ಲಿ ಕ್ರೇನ್ ನಡೆಸುವವಳು,
ಕಂಪನಿಯವರು ಕೈಬಿಟ್ಟ ನನ್ನ ಲ್ಯಾಪ್‌ಟಾಪಿಗೆ
ಲಿನಕ್ಸ್ ಹಾಕಿಕೊಟ್ಟಳು.
ಸತ್ತದ್ದು ಎದ್ದು ಕೂತಿತು.
ಮೈಕು ಮಾತ್ರ ಏಳಲಿಲ್ಲ. ಇರಲಿ,
ಎಲ್ಲರಿಗೂ ನಾನು ಹೇಳಿದ್ದು ಕೇಳಬೇಕೆಂದೇನಿಲ್ಲ.

ಆದರೆ ಫೋನಿನ ನಕ್ಷೆ.
ನಾಲ್ಕು ವರ್ಷದಿಂದ ಬಾಗಿಲು ತಟ್ಟುತ್ತಿದೆ: ಹಳತಾಗಿದ್ದೇನೆ, ಹೊಸದು ಮಾಡು.
'ಈಗಲೇ' ಎಂಬ ಗುಂಡಿ ಇದೆ, 'ಆಮೇಲೆ ನೆನಪಿಸು' ಇದೆ,
'ಬೇಡ' ಎಂಬುದು ಇಲ್ಲವೇ ಇಲ್ಲ.
ಹೊಸಿಲಿಗೆ ಬಂದ ದೆವ್ವಕ್ಕೆ ನಾಳೆ ಬಾ ಎನ್ನುವಂತೆ
ದಿನಾ ಎರಡನೆಯದನ್ನೇ ಒತ್ತಿದೆ.

ಯಾಕೆ ದೋನ್ ಬಾಲ್ದೊ, ಎಂದಳು ರಾಯೆನ್.
ಡೇಟಾ ಖರ್ಚು, ಎಂದೆ.

ನಿಜ ಹೇಳುತ್ತೇನೆ. ಆ ನಕ್ಷೆಯಲ್ಲಿ
ಕಡಲ ಬೀದಿಯಿಂದ ಗುಡ್ಡದ ನೆತ್ತಿಗೆ ಒಂದು ತೆಳು ಕೆಂಪು ಗೆರೆ.
ನನ್ನ ಲಿಫ್ಟು. ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದು, ತೆರೆದಿದೆ.
ಸಂಜೆ ಬ್ರೆಡ್ಡು ಕೊಂಡು, ಬೇಕರಿ ಮೂಲೆಯಲ್ಲಿ ನಿಂತು
ಮನೆಗೆ ದಾರಿ ಕೇಳುತ್ತೇನೆ.
ಲಿಫ್ಟ್ ಹತ್ತಿ, ಎರಡು ನಿಮಿಷ, ಅನ್ನುತ್ತದೆ.
ಸರಿ ಎಂದು ತಲೆಯಾಡಿಸಿ
ಮೆಟ್ಟಿಲು ಹತ್ತುತ್ತೇನೆ.

ಕಳೆದ ಭಾನುವಾರ ಒಬ್ಬಳು ತಾಯಿ, ಕೈಗಾಡಿಯಲ್ಲಿ ಮಗು,
ದಾರಿ ಕೇಳಿದಳು. ಬಾಯಲ್ಲಿ ಹೇಳಬಹುದಿತ್ತು.
ಫೋನು ತೋರಿಸಿದೆ, ಜಂಬಕ್ಕೆ.
ಕೆಂಪು ಗೆರೆ ನೋಡಿಕೊಂಡು ಹೋದಳು,
ಬೀಗ ಹಾಕಿದ ಗೇಟು ಮುಟ್ಟಿ ಬಂದಳು.
ಬೈಯಲಿಲ್ಲ. ಬೈಯಬಹುದಿತ್ತು.

ಮೂವತ್ತೊಂದು ವರ್ಷದಲ್ಲಿ ಒಬ್ಬರನ್ನೂ
ನಡುದಾರಿಯಲ್ಲಿ ಬಿಟ್ಟವನಲ್ಲ.

ಅವತ್ತು ರಾತ್ರಿ 'ಈಗಲೇ' ಒತ್ತಿದೆ.
ಒಲೆಯ ಮೇಲಿನ ಹಾಲು ಕಾದಂತೆ ಕಾದೆ.
ತೆರೆದರೆ ಬೀದಿಗಳಿಗೆ ಹೊಸ ಬಣ್ಣ, ಅಕ್ಷರ ದುಂಡಗೆ,
ಗೆರೆ ಅಲ್ಲೇ ಇದೆ!
ನಾಲ್ಕು ವರ್ಷ ನಾನು ಹೆದರಿದ್ದು ಯಾರಿಗೆ?
ಅದಕ್ಕೆ ಯಾರೂ ಹೇಳಿರಲೇ ಇಲ್ಲ.

ಈ ನಕ್ಷೆ ಜನರೇ ಬರೆಯುವುದು, ಎಂದಳು ರಾಯೆನ್,
ನೀವೇ ಹೇಳಿ.
ಒಂದೇ ಬೆರಳಲ್ಲಿ ಕುಟ್ಟಿದೆ: ಮುಚ್ಚಿದೆ.
ಎಂದಿನಿಂದ, ಎಂದಿತು.
ಅವಳು ಹುಡುಕಲು ಹೊರಟಳು. ಬೇಡ, ಎಂದೆ, ನನಗೆ ಗೊತ್ತು.
ಮಂಗಳವಾರ. ಕೊನೆಯ ಸಲ ಹತ್ತಿದ್ದು
ಮೀನಿನ ಬುಟ್ಟಿಯ ಕ್ಲೊರಿಂದಾ, ಚಿಲ್ಲರೆ ಇರಲಿಲ್ಲ.

ಖಚಿತವೇ? 'ಹೌದು'. 'ಬೇಡ'.
ಅಂತೂ ಒಬ್ಬರಾದರೂ 'ಬೇಡ' ಇಟ್ಟಿದ್ದರು.
ಅದರ ಮೇಲೆ ಹೆಬ್ಬೆರಳು ಸ್ವಲ್ಪ ಹೊತ್ತು ನಿಂತಿತು,
ಗಾಜಿಗೂ ಅಷ್ಟೊಂದು ಭಾರ ಇರುತ್ತದೆಂದು ನಾನರಿಯೆ.

ಆಮೇಲೆ ಕೆಳಗಿನ ಖಾಲಿ ಚೌಕದಲ್ಲಿ ಬರೆದೆ:
ಪಕ್ಕದಲ್ಲೇ ಮೆಟ್ಟಿಲಿವೆ, ನೂರ ಅರವತ್ತೆರಡು.
ತೊಂಬತ್ತನೆಯದು ಅಲುಗಾಡುತ್ತದೆ.
ಎಡಗಡೆ ಕಾಲಿಡಿ.